ಕಾವೇರಿ: ಆದೇಶ ಪಾಲನೆ ಶರಣಾಗತಿಯಲ್ಲ

ಅನ್ಯಾಯವೆಂದು ಮನವರಿಕೆಯಾದ ಆದೇಶವನ್ನೂ ಪಾಲಿಸಬೇಕೆ? ಕಾವೇರಿ ವಿವಾದದಲ್ಲಿ ಕರ್ನಾಟಕ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸಿದೆ.

1991ರಲ್ಲಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಹರಿಸುವಂತೆ ನ್ಯಾಯಮಂಡಳಿ ಮಧ್ಯಂತರ ಆದೇಶ ನೀಡಿದಾಗ, ಎಸ್.ಬಂಗಾರಪ್ಪ ಸರ್ಕಾರ ಸುಗ್ರೀವಾಜ್ಞೆಯ ಮೊರೆ ಹೋಯಿತು. ಅದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ಹೇಳಿತು. 2002ರಲ್ಲಿ ಎಸ್.ಎಂ.ಕೃಷ್ಣ ಅವರು ನ್ಯಾಯಾಂಗ ನಿಂದನೆಯ ಪ್ರಕರಣದಲ್ಲಿ ಬೇಷರತ್ ಕ್ಷಮೆ ಯಾಚಿಸಬೇಕಾಯಿತು. 2016ರ ಸೆಪ್ಟೆಂಬರ್ 20ರಂದು 6,000 ಕ್ಯೂಸೆಕ್ ನೀರು ಬಿಡುವಂತೆ ಕೋರ್ಟ್ ಆದೇಶಿಸಿತು. ಮೂರೇ ದಿನಗಳಲ್ಲಿ ವಿಧಾನಮಂಡಲದ ಉಭಯ ಸದನಗಳು, ಜಲಾಶಯಗಳ ನೀರು ಕುಡಿಯಲು ಮಾತ್ರ ಎಂಬ ನಿರ್ಣಯ ಅಂಗೀಕರಿಸಿದವು. ಅಕ್ಟೋಬರ್ 3ರ ಇನ್ನೊಂದು ನಿರ್ಣಯದ ನಂತರವೇ ನೀರು ಹರಿಯಿತು.

ರಾಜ್ಯದ ಅಳಲು ಸುಳ್ಳಾಗಿರಲಿಲ್ಲ. ಮಳೆ ಕೈಕೊಟ್ಟ ವರ್ಷದಲ್ಲಿ ನಾಲೆಗೆ ನೀರಿಲ್ಲದೆ ಕುಳಿತ ಮಂಡ್ಯದ ರೈತನಿಗೆ, ಕಣ್ಣೆದುರೇ ನದಿಯಲ್ಲಿ ಹರಿದುಹೋಗುವ ನೀರು ನ್ಯಾಯವಾಗಿ ತೋರುವುದು ಕಷ್ಟ. ಆದರೆ ಪ್ರಜೆಯ ಪ್ರತಿಭಟನೆ ಬೇರೆ, ಸರ್ಕಾರದ ಅವಿಧೇಯತೆ ಬೇರೆ. 1922ರಲ್ಲಿ ಅಹಮದಾಬಾದಿನ ನ್ಯಾಯಾಲಯದಲ್ಲಿ ಗಾಂಧೀಜಿ ತಪ್ಪೊಪ್ಪಿಕೊಂಡು, ಕಠಿಣ ಶಿಕ್ಷೆಯನ್ನೇ ಕೇಳಿ, ಆರು ವರ್ಷಗಳ ಸೆರೆವಾಸವನ್ನು ಸ್ವೀಕರಿಸಿದರು. ಕಾನೂನು ಮುರಿದವನೇ ಅದರ ಬೆಲೆ ತೆತ್ತಾಗ ಆ ಉಲ್ಲಂಘನೆಗೆ ನೈತಿಕ ಬಲ ಬರುತ್ತದೆ. ಸರ್ಕಾರ ಆದೇಶ ಮುರಿದರೆ ಬೆಲೆ ತೆರುವವರು ಬೇರೆಯವರು. 1991ರ ಡಿಸೆಂಬರ್‌ನ ಗಲಭೆಗಳಲ್ಲಿ, 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಬಸ್ಸುಗಳು ಹೊತ್ತಿ ಉರಿದಾಗ, ಸಂಕಟಕ್ಕೆ ಸಿಲುಕಿದವರು ಸಾಮಾನ್ಯರು. ಅಲ್ಲದೆ, ಕೋರ್ಟಿನ ನೆರವಿಗೆ ನಿಲ್ಲಬೇಕೆಂದು ಸಂವಿಧಾನದ 144ನೇ ವಿಧಿ ಸರ್ಕಾರಗಳನ್ನು ಕಟ್ಟಿಹಾಕಿದೆ. ತನಗೆ ಒಪ್ಪಿಗೆಯಾಗದ ತೀರ್ಪನ್ನು ಧಿಕ್ಕರಿಸುವ ರಾಜ್ಯ, ನಾಳೆ ತನ್ನ ಪರವಾದ ತೀರ್ಪನ್ನು ನೆರೆರಾಜ್ಯ ಧಿಕ್ಕರಿಸಿದರೆ ಯಾವ ಬಾಯಲ್ಲಿ ಪ್ರಶ್ನಿಸೀತು?

ಅಂಥ ತೀರ್ಪು ಬಂದೇ ಬಂತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿ ಅಡಿಗೆ ಏರಿಸಿತು. ಈ ಹೆಚ್ಚಳದಲ್ಲಿ 4.75 ಟಿಎಂಸಿ ಅಡಿ ಬೆಂಗಳೂರಿನ ಬಾಯಾರಿಕೆಗೆ. ರಾಜ್ಯಕ್ಕೆ ಇದು ದಕ್ಕಿದ್ದು ಸುಗ್ರೀವಾಜ್ಞೆಯಿಂದಲ್ಲ, ಸದನದ ನಿರ್ಣಯದಿಂದಲೂ ಅಲ್ಲ. ಅಂಕಿಅಂಶ ಮುಂದಿಟ್ಟು ಮಂಡಿಸಿದ ವಾದದಿಂದ.

ಆದೇಶ ಪಾಲಿಸುವುದೆಂದರೆ ಮೌನವಾಗಿರುವುದಲ್ಲ. ನೀರು ಬಿಡುತ್ತಲೇ ಮರುಪರಿಶೀಲನೆ ಕೋರಬಹುದು, ಮಳೆ ಕೊರತೆಯ ವರ್ಷಕ್ಕೆ ಸ್ಪಷ್ಟ ಸಂಕಷ್ಟ ಸೂತ್ರಕ್ಕಾಗಿ ಪಟ್ಟು ಹಿಡಿಯಬಹುದು. ಆದರೆ ಒಂದು ಹೊಣೆಯಿಂದ ಸರ್ಕಾರ ನುಣುಚಿಕೊಳ್ಳುವಂತಿಲ್ಲ. ಇಡೀ ರಾಜ್ಯದ ಪರವಾಗಿ ಕಾನೂನಿಗೆ ತಲೆಬಾಗುವಾಗ ಅದರ ನಷ್ಟವನ್ನು ಅಚ್ಚುಕಟ್ಟು ಪ್ರದೇಶದ ರೈತನೊಬ್ಬನ ತಲೆಗೇ ಕಟ್ಟುವುದು ನ್ಯಾಯವಲ್ಲ. ಅವನಿಗೆ ಸಕಾಲದಲ್ಲಿ ಪರಿಹಾರ ಕೊಡದ ಸರ್ಕಾರಕ್ಕೆ ಕಾನೂನು ಪಾಲನೆಯ ಪಾಠ ಹೇಳುವ ಅಧಿಕಾರವೂ ಉಳಿಯುವುದಿಲ್ಲ.