ಕೃತಕ ಬೆರಳು: ರೂಪಕ್ಕೋ, ಕೆಲಸಕ್ಕೋ?

ಬೇಲೂರು, ಹಳೇಬೀಡುಗಳಲ್ಲಿ ಕೈ ಮುರಿದ ಹೊಯ್ಸಳ ವಿಗ್ರಹಗಳನ್ನು ನಾವೆಲ್ಲರೂ ಕಂಡಿದ್ದೇವೆ. ಅವಕ್ಕೆ ಹೊಸ ಕೈ ಕೂಡಿಸುವುದಾದರೆ ಶಿಲ್ಪಿಯು ನೋಡಬೇಕಾದುದು ರೂಪವನ್ನು ಮಾತ್ರ. ಕಲ್ಲಿನ ಕೈ ದುಡಿಯಬೇಕಾಗಿಲ್ಲ. ಆದರೆ ಸಮೀಪದ ಅರಸೀಕೆರೆಯ ತೆಂಗಿನ ಸೀಮೆಯಲ್ಲಿ ಮಚ್ಚಿಗೋ ನಾರಿನ ಯಂತ್ರಕ್ಕೋ ಬೆರಳು ಕಳೆದುಕೊಂಡವನ ಕೈ, ಗಾಯ ಮಾಯ್ದೊಡನೆ ದುಡಿಯಲೇಬೇಕು. ಅವನಿಗೆ ಎಂಥ ಕೃತಕ ಬೆರಳು ಒದಗಬೇಕು?

ಮೊದಲು ಹಿಡಿತದ ತತ್ತ್ವವನ್ನು ನೋಡೋಣ. ವಸ್ತುವನ್ನು ಹಿಡಿಯಲು ಎದುರುಬದುರಾದ ಎರಡು ಬಲಗಳು ಬೇಕು. ಅವು ಒತ್ತಿದಷ್ಟೂ ಘರ್ಷಣೆ ಹೆಚ್ಚಿ ವಸ್ತು ಜಾರದೆ ನಿಲ್ಲುತ್ತದೆ. ನಾಲ್ಕು ಬೆರಳುಗಳಿಗೆ ಎದುರು ನಿಲ್ಲುವುದು ಹೆಬ್ಬೆರಳೊಂದೇ. ಏಕಲವ್ಯನಿಂದ ದ್ರೋಣರು ಕೇಳಿದ್ದು ಅದನ್ನೇ ಅಲ್ಲವೆ? ಆದುದರಿಂದ ಹೆಬ್ಬೆರಳು ಹೋದವನ ಅಂಗೈಗೆ, ಉಳಿದ ಬೆರಳುಗಳಿಗೆ ಎದುರಾಗಿ, ಬಾಗದ ಗಟ್ಟಿ ಆಧಾರವೊಂದನ್ನು ಕಟ್ಟಿಕೊಟ್ಟರೂ ಹಿಡಿತ ಬಹುಮಟ್ಟಿಗೆ ಮರಳುತ್ತದೆ.

ಇಂದು ದೊರೆಯುವ ಸಾಧನಗಳು ಮುಖ್ಯವಾಗಿ ನಾಲ್ಕು ಬಗೆ. ಸಿಲಿಕೋನ್ ಬೆರಳು ಚರ್ಮವನ್ನೇ ಹೋಲುತ್ತದೆ, ಆದರೆ ತಾನಾಗಿ ಬಾಗದು. ಎರಡನೆಯದು, ಬೆರಳಿನ ಮೋಟು ಅಥವಾ ಮಣಿಕಟ್ಟು ಬಾಗಿದಾಗ ಸನ್ನೆಕೋಲುಗಳಿಂದ ಬಾಗುವ ಬೆರಳು. ಮೂರನೆಯದು, ಸ್ನಾಯುಗಳ ಅತಿ ಸಣ್ಣ ವಿದ್ಯುತ್ ಸಂಕೇತವನ್ನು ಗ್ರಹಿಸಿ ಮೋಟಾರಿನಿಂದ ಚಲಿಸುವುದು. ನಾಲ್ಕನೆಯದು, ಒಂದು ಕೆಲಸಕ್ಕೆಂದೇ ಮಾಡಿದ ಉಪಕರಣ. ಮೇಲೆ ಹೇಳಿದ ಗಟ್ಟಿ ಆಧಾರವೂ ಈ ಜಾತಿಯದೇ.

ಮೋಟಾರಿನದೇ ಶ್ರೇಷ್ಠವೆಂದು ಯಾರಿಗಾದರೂ ತೋರೀತು. ಆದರೆ ಇಲ್ಲೊಂದು ವೈಚಿತ್ರ್ಯವುಂಟು. ಮೊಳಕೈಯವರೆಗೆ ಕೈ ಹೋದವನಿಗೆ ಮೋಟಾರು, ಬ್ಯಾಟರಿಗಳನ್ನಿಡಲು ಸ್ಥಳವಿದೆ. ಬೆರಳು ಮಾತ್ರ ಹೋದವನಿಗೆ ಆ ಸ್ಥಳವಿಲ್ಲ. ನಷ್ಟ ಸಣ್ಣದಾದಷ್ಟೂ ಯಂತ್ರ ರಚಿಸುವವನ ಕಷ್ಟ ದೊಡ್ಡದು! ಮೇಲಾಗಿ ಉಳಿದ ಅಂಗೈಯನ್ನು ಕವಚದಿಂದ ಮುಚ್ಚಿದರೆ ಅದರ ಸ್ಪರ್ಶಜ್ಞಾನವೂ ಮರೆಯಾಗುತ್ತದೆ. ನಾರಿನ ಧೂಳು, ಎಳನೀರು ಮೋಟಾರಿಗೆ ಹಿತವೂ ಅಲ್ಲ.

ರೂಪವು ತುಚ್ಛವೆಂದು ನಾವು ಹೇಳುವುದಿಲ್ಲ. ಮದುವೆಮನೆಯಲ್ಲಿ ಕೈಯನ್ನು ಸೆರಗಿನಲ್ಲಿ ಮರೆಸದೆ ನಿಲ್ಲಬೇಕೆಂಬ ಹೆಣ್ಣುಮಗಳಿಗೆ ಸಿಲಿಕೋನ್ ಬೆರಳೇ ಸರಿಯಾದುದು. ಆದರೆ ಆಯ್ಕೆಯು ಸಾಧನದ ಬೆಲೆಯಿಂದಲ್ಲ, ಧರಿಸುವವರ ಬಾಳಿನಿಂದ ಹೊರಡಬೇಕು. 1960ರ ದಶಕದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ವೈದ್ಯ ಪಿ. ಕೆ. ಸೇಠಿಯವರು ರೂಪಿಸಿದ ಜೈಪುರ ಪಾದ ಗೆದ್ದುದು ಹೀಗೆಯೇ: ನಮ್ಮವರು ಬರಿಗಾಲಲ್ಲಿ ನಡೆಯುತ್ತಾರೆ, ಕುಕ್ಕುರುಗಾಲಲ್ಲಿ ಕೂರುತ್ತಾರೆ ಎಂಬುದನ್ನು ಅದು ಮರೆಯಲಿಲ್ಲ.

ಕೈಗೂ ಅಂಥದೇ ವಿಚಾರ ಬೇಕಾಗಿದೆ. ಕೃತಕಾಂಗ ಹಂಚುವ ಶಿಬಿರಗಳಲ್ಲಿ ಕೈಯ ಅಳತೆ ತೆಗೆಯುವ ಮುನ್ನ, “ನೀವು ಮಾಡುವ ಕೆಲಸವೇನು?” ಎಂದು ಕೇಳತಕ್ಕದ್ದು. ಮುಂದೆ ಎಂಜಿನಿಯರುಗಳೂ ವೈದ್ಯರೂ ಆಗಲಿರುವ ನಮ್ಮ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಮರೆಯದಿರಲಿ.