ಔಷಧದ ತಕ್ಕಡಿ ಯಾರ ಕೈಯಲ್ಲಿ?



ನಿಮ್ಮ ಕೇರಿಯಲ್ಲೇ ದುಡಿಯುವ ಹುಡುಗನೊಬ್ಬ ಕೆಲಸ ಬಿಟ್ಟು ಮೂಲೆ ಸೇರುತ್ತಾನೆ. ಯಾರೂ ಆಡದ ಮಾತು ಅವನ ಕಿವಿಗೆ ಬೀಳುತ್ತದೆ. ಹೆತ್ತ ತಾಯಿಯೇ ಅನ್ನಕ್ಕೆ ವಿಷ ಹಾಕಿದ್ದಾಳೆಂದು ಶಂಕಿಸುತ್ತಾನೆ. ಇದು ಸ್ಕಿಜೋಫ್ರೇನಿಯಾ ಎಂಬ ಕಾಯಿಲೆ. ದೆವ್ವವಲ್ಲ, ಪೂರ್ವಜನ್ಮದ ಪಾಪವೂ ಅಲ್ಲ. ಔಷಧವಿದೆ, ಆದರೆ ವರ್ಷಗಟ್ಟಲೆ ನುಂಗಬೇಕು. ಆದ್ದರಿಂದಲೇ ಅದರ ಬೆಲೆ ನಮ್ಮ ಪ್ರಶ್ನೆ.

1952ರಲ್ಲಿ ಪ್ಯಾರಿಸ್ಸಿನ ವೈದ್ಯರಾದ ಡಿಲೇ ಮತ್ತು ಡೆನಿಕರ್ ಕ್ಲೋರ್‌ಪ್ರೊಮಜೀನ್ ಕೊಟ್ಟು ರೋಗಿಗಳು ಶಾಂತರಾಗುವುದನ್ನು ತೋರಿಸಿದರು. 1958ರಲ್ಲಿ ಬೆಲ್ಜಿಯಮ್ಮಿನಲ್ಲಿ ಹ್ಯಾಲೋಪೆರಿಡಾಲ್ ಹುಟ್ಟಿತು. ಈ ಹಳೆಯ ಔಷಧಗಳ ಕೇಡನ್ನು ನಾವು ಮುಚ್ಚಿಡುವುದಿಲ್ಲ. ಕೈನಡುಕ, ಮೈಬಿಗಿತ, ಬಹುಕಾಲ ತೆಗೆದುಕೊಂಡರೆ ಬಾಯಿ ನಾಲಿಗೆಗಳು ತಾವಾಗಿ ಹೊರಳುವ ಪೀಡೆ. ಮಗ್ಗದ ಮುಂದೆ ನಿಲ್ಲುವವನ ಕೈ ನಡುಗಿದರೆ ಅವನ ಗತಿಯೇನು?

1990ರ ದಶಕದಲ್ಲಿ ರಿಸ್ಪೆರಿಡೋನ್, ಓಲಾಂಜಪೀನ್, ಕ್ವೆಟಿಯಾಪೀನ್ ಬಂದವು. ಗುಣ ಹೆಚ್ಚು, ಬಾಧೆ ಕಡಿಮೆ ಎಂದು ಕಂಪನಿಗಳು ಡಂಗುರ ಹೊಡೆದವು. ಬೆಲೆಯೋ ಹಳೆಯದರ ಹಲವು ಪಟ್ಟು!

ಅಂಗಡಿಯವರಿಗೆ ತಕ್ಕಡಿಯ ಗುಟ್ಟು ಹೇಳಿಕೊಡಬೇಕಾಗಿಲ್ಲ. ಎದುರಿನ ತಟ್ಟೆಗೆ ಯಾವ ಕಲ್ಲು ಹಾಕಿದರೆಂದು ನೋಡಬೇಕು. ರಿಸ್ಪೆರಿಡೋನಿನ ಮುಖ್ಯ ಪರೀಕ್ಷೆಯೊಂದರಲ್ಲಿ ಎದುರಾಳಿ ಹ್ಯಾಲೋಪೆರಿಡಾಲನ್ನು ದಿನಕ್ಕೆ 20 ಮಿಲಿಗ್ರಾಂ ಕೊಟ್ಟಿದ್ದರು. ಅಷ್ಟು ಕೊಟ್ಟರೆ ಯಾರ ಕೈ ನಡುಗದು? 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ 52 ಪರೀಕ್ಷೆಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಹಳೆಯದನ್ನು 12 ಮಿಲಿಗ್ರಾಂ ಮೀರದಂತೆ ಕೊಟ್ಟ ಕಡೆ ಹೊಸದರ ಹೆಚ್ಚುಗಾರಿಕೆ ಕಾಣಲಿಲ್ಲ. ನಡುಕ ಬಿಗಿತಗಳು ಮಾತ್ರ ಹೊಸದರಲ್ಲಿ ಕೊಂಚ ಕಡಿಮೆ. ಇಷ್ಟು ನಿಜ, ಒಪ್ಪುತ್ತೇವೆ.

ಆಮೇಲೆ ಅಮೆರಿಕದ ಸರ್ಕಾರ ತನ್ನ ಬೊಕ್ಕಸದ ಹಣದಲ್ಲಿ 1,493 ರೋಗಿಗಳ ಮೇಲೆ ಪರೀಕ್ಷೆ ನಡೆಸಿತು. ಫಲಿತಾಂಶ ಹೊರಬಿದ್ದದ್ದು 2005ರಲ್ಲಿ. ನಾಲ್ಕು ಹೊಸ ಔಷಧಗಳ ಎದುರು 1950ರ ದಶಕದ ಪರ್ಫೆನಜೀನ್. 18 ತಿಂಗಳೊಳಗೆ ನೂರಕ್ಕೆ 74 ಮಂದಿ ತಮಗೆ ಕೊಟ್ಟ ಔಷಧವನ್ನು ನಿಲ್ಲಿಸಿದ್ದರು. ಓಲಾಂಜಪೀನ್ ನಿಲ್ಲಿಸಿದವರು 64, ಪರ್ಫೆನಜೀನ್ 75, ಕ್ವೆಟಿಯಾಪೀನ್ 82. ಮುಂದಿದ್ದ ಓಲಾಂಜಪೀನ್ ಮೈತೂಕವನ್ನೂ ರಕ್ತದ ಸಕ್ಕರೆಯನ್ನೂ ಎಲ್ಲಕ್ಕಿಂತ ಹೆಚ್ಚು ಏರಿಸಿತು. ನಡುಕ ತಪ್ಪಿಸಿ ಸಕ್ಕರೆ ಕಾಯಿಲೆ ಕೊಡುವ ವ್ಯಾಪಾರಕ್ಕೆ ಇಷ್ಟೊಂದು ಬೆಲೆಯೆ? 2006ರಲ್ಲಿ ಬ್ರಿಟನ್ನಿನ ಸಾರ್ವಜನಿಕ ಹಣದ ಪರೀಕ್ಷೆಯೂ, ವರ್ಷದ ಕೊನೆಗೆ ರೋಗಿಯ ಬದುಕು ಹೊಸದರಿಂದ ಹೆಚ್ಚು ಹಸನಾಗಲಿಲ್ಲವೆಂದೇ ಹೇಳಿತು.

ಓಲಾಂಜಪೀನ್ ಮಾರಿದ ಎಲೈ ಲಿಲ್ಲಿ ಕಂಪನಿ, ಮುದುಕರ ಮರೆವಿನ ರೋಗಕ್ಕೂ ಅನುಮತಿಯಿಲ್ಲದೆ ಅದನ್ನು ಪ್ರಚಾರ ಮಾಡಿದ್ದಕ್ಕಾಗಿ 2009ರಲ್ಲಿ ತಪ್ಪೊಪ್ಪಿಕೊಂಡು 141.5 ಕೋಟಿ ಡಾಲರ್ ತೆತ್ತಿತು.

ಒಂದು ಹೊರತು ಇದೆ. ಉಳಿದವು ಸೋತಲ್ಲಿ ಗೆಲ್ಲುವುದು ಕ್ಲೋಜಪೀನ್. ಅದನ್ನು ಹೊಸದರ ಸಾಲಿನಲ್ಲಿ ಎಣಿಸುತ್ತಾರೆ. ಆದರೆ 1975ರಲ್ಲೇ ಫಿನ್ಲೆಂಡಿನಲ್ಲಿ ಬಿಳಿ ರಕ್ತಕಣ ಕುಸಿದು ಜನ ಸತ್ತಾಗ ಮೂಲೆಗೆ ಬಿದ್ದಿದ್ದ ಮದ್ದು ಅದು! ಇಂದಿಗೂ ಅದನ್ನು ಕೊಡುವಾಗ ರಕ್ತಪರೀಕ್ಷೆ ಬೇಕೇ ಬೇಕು.

ಇದನ್ನೋದಿ ಯಾರೂ ಮನೆಯವರ ಮಾತ್ರೆ ನಿಲ್ಲಿಸಬಾರದು. ನಿಲ್ಲಿಸಿದರೆ ಕಾಯಿಲೆ ಮರಳುತ್ತದೆ. ಹಳೆಯದೋ ಹೊಸದೋ, ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದು. ಡಾಕ್ಟರನ್ನು ಕೇಳಿ: ಔಷಧದ ಮೂಲ ಹೆಸರೇನು, ಅದೇ ಔಷಧ ಕಡಿಮೆ ಬೆಲೆಗೆ ಎಲ್ಲಿ ಸಿಗುತ್ತದೆ, ತೂಕ ಸಕ್ಕರೆ ನೋಡುವುದು ಯಾವಾಗ? ಓಲಾಂಜಪೀನ್, ರಿಸ್ಪೆರಿಡೋನ್‌ಗಳ ಪೇಟೆಂಟ್ ಎಂದೋ ಮುಗಿದಿದೆ. ಇವೆಲ್ಲ ತಾಲ್ಲೂಕು ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗಬೇಕು, ತಿಂಗಳು ತಪ್ಪದೆ ಸಿಗಬೇಕು. ಇದು ಭಿಕ್ಷೆಯಲ್ಲ, ನಮ್ಮ ಹಕ್ಕು.

2024ರ ಸೆಪ್ಟೆಂಬರಿನಲ್ಲಿ ಅಮೆರಿಕ ಮತ್ತೊಂದು ಹೊಸ ಔಷಧಕ್ಕೆ ಅನುಮತಿಯಿತ್ತಿತು, ಹೆಸರು ಕೊಬೆನ್ಫಿ. ಅನುಮತಿಗೆ ಆಧಾರವಾದ ಪರೀಕ್ಷೆಗಳು ಐದು ವಾರದವು. ಎದುರು ತಟ್ಟೆಯಲ್ಲಿದ್ದದ್ದು ಔಷಧವೇ ಇಲ್ಲದ ಬರೀ ಗುಳಿಗೆ. ನಾಳೆ ಇದು ಉತ್ತಮವೆಂದು ಹೇಳಿಕೊಂಡು ಬರುವವರನ್ನು ನಾವು ಕೇಳುವುದಿಷ್ಟೆ: ಯಾವುದಕ್ಕಿಂತ?