ನಿರುಪದ್ರವಿ ಎಂಬ ಮಾತು ಸಾಲದು

'ಮೂಗಿನ ಒಳಕುಹರದಲ್ಲಿ ಗಂಟಿದೆ, ನಿರುಪದ್ರವಿ' ಎಂದು ಕೇಳಿದೊಡನೆ ನಾವು ನಿಶ್ಚಿಂತರಾಗುತ್ತೇವೆ. ಅದು ಕ್ಯಾನ್ಸರ್ ಅಲ್ಲವೆಂದಷ್ಟೇ ಆ ಮಾತಿನ ಅರ್ಥ. ಗಂಟು ಇರುವ ಸ್ಥಾನವನ್ನೂ ವಿಚಾರಿಸತಕ್ಕದ್ದು.

ತಲೆಬುರುಡೆಯ ತಳದಲ್ಲಿ, ಸ್ಫೀನಾಯ್ಡ್ ಎಂಬ ಮೂಳೆಯೊಳಗೆ, ಗಾಳಿ ತುಂಬಿದ ಕುಹರವಿದೆ. ಅದರ ಚಾವಣಿಯ ಮೇಲೆಯೇ ಕಡಲೆಕಾಳಿನಷ್ಟು ಗಾತ್ರದ, ಸುಮಾರು ಅರ್ಧ ಗ್ರಾಂ ತೂಕದ ಪಿಟ್ಯುಟರಿ ಗ್ರಂಥಿ ಕುಳಿತಿದೆ. ದೇಹದ ಬೆಳವಣಿಗೆಯೂ ಥೈರಾಯ್ಡ್, ಅಡ್ರಿನಲ್, ಜನನಗ್ರಂಥಿಗಳ ಕೆಲಸವೂ ಇದರ ಅಂಕೆಯಲ್ಲಿವೆ.

ಗಂಗಾವತಿಯ ಭತ್ತದ ಗದ್ದೆಯಲ್ಲಿ ನೀರು ಹೊರಬೀಳುವ ದಾರಿ ಕಟ್ಟಿದರೆ ನಿಂತ ನೀರು ಬದುವನ್ನು ನೂಕುವುದಷ್ಟೆ. ಕುಹರದ ಕಿಂಡಿ ಮುಚ್ಚಿದಾಗಲೂ ಹಾಗೆಯೇ: ಲೋಳೆ ಹೊರಹೋಗದೆ ಚೀಲವಾಗಿ ಹಿಗ್ಗುತ್ತದೆ. ಇದೇ ಮ್ಯೂಕೊಸೀಲ್. ವರ್ಷಗಟ್ಟಲೆ ಬಿದ್ದ ಅಲ್ಪ ಒತ್ತಡವೂ ಮೂಳೆಯನ್ನು ಸವೆಸಬಲ್ಲುದು. ಗ್ರಂಥಿ ನಲುಗಿದರೆ ಆಯಾಸ, ಋತುಸ್ರಾವದ ನಿಲುಗಡೆ, ಎಳೆಯರಲ್ಲಿ ಬೆಳವಣಿಗೆಯ ಕುಂಠಿತ. ಪಕ್ಕದ ನರ ನಲುಗಿದರೆ ದೃಷ್ಟಿಮಾಂದ್ಯ.

ಇದು ಅಪರೂಪದ ರೋಗ. ತಲೆನೋವು ಬಂದವರೆಲ್ಲ ಹೆದರಬೇಕಾಗಿಲ್ಲ. ಆದರೆ ತಿಂಗಳುಗಟ್ಟಲೆ ಬಿಡದ ತಲೆನೋವಿನೊಡನೆ ಈ ಚಿಹ್ನೆಗಳೂ ಕೂಡಿದರೆ, ಕುಷ್ಟಗಿಯವರಾಗಲಿ ಯಲಬುರ್ಗಾದವರಾಗಲಿ ಅಂಗಡಿಯ ಗುಳಿಗೆಯನ್ನೇ ನಂಬಿ ಕೂರಬಾರದು. ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಮೂಗು, ಕಣ್ಣು, ಹಾರ್ಮೋನು ಈ ಮೂರನ್ನೂ ಒಟ್ಟಿಗೆ ಪರೀಕ್ಷಿಸಬೇಕೆಂಬುದೇ ನನ್ನ ವಾದ. ಸಿ.ಟಿ., ಎಂ.ಆರ್.ಐ. ಚಿತ್ರಗಳು ಚೀಲವನ್ನು ತೋರಿಸುತ್ತವೆ. ಎಂಡೋಸ್ಕೋಪಿನಿಂದ ಮೂಗಿನ ಮೂಲಕವೇ ಅದನ್ನು ಬರಿದುಮಾಡಬಹುದು. ತಡವಾದರೆ ಮಾತ್ರ, ಲೋಳೆ ತೆಗೆದ ಮೇಲೂ ಕಳೆದ ದೃಷ್ಟಿ ಮರಳದಿರಬಹುದು; ಹಾರ್ಮೋನನ್ನು ಜೀವನಪರ್ಯಂತ ಔಷಧವಾಗಿ ಸೇವಿಸಬೇಕಾಗಬಹುದು.